ತೊಗರಿ ಹೊಲದಾಚೆ ಷೇರು ಪೇಟೆ

ಸಂಕ್ರಾಂತಿಯ ಆಸುಪಾಸಿನಲ್ಲಿ ವಿಜಯಪುರಕ್ಕೆ ಹೋದವರು ಸಿದ್ಧೇಶ್ವರ ಜಾತ್ರೆಯ ದನದ ಪೇಟೆ ನೋಡದೆ ಬರಬಾರದು. ತೊರವಿಯ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರ ಖಿಲಾರಿ ಎತ್ತುಗಳು, ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಎಲ್ಲ ಕಡೆ ಗದ್ದಲವೇ. ವ್ಯಾಪಾರ ಕುದುರುವ ಜಾಗದಲ್ಲಿ ಮಾತ್ರ ಸದ್ದಿಲ್ಲ. ದಲಾಲ ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಕೈಯ ಮೇಲೆ ಹಾಕಿಕೊಳ್ಳುತ್ತಾನೆ. ಅದರ ಕೆಳಗೆ ಮಾರುವವನ ಕೈ ಬರುತ್ತದೆ, ಬೆರಳು ಬೆರಳನ್ನು ಹಿಡಿಯುತ್ತದೆ. ಹಿಡಿದ ಬೆರಳೆಷ್ಟು ಎಂಬುದರ ಮೇಲೆ ಸಾವಿರಗಳ ಲೆಕ್ಕ. ಮಾರುವವ ತಲೆ ಅಲ್ಲಾಡಿಸುತ್ತಾನೆ, ಕೈ ಹಿಂದೆ ಎಳೆಯುತ್ತಾನೆ, ದಲಾಲ ಮತ್ತೆ ಹಿಡಿಯುತ್ತಾನೆ. ಆಮೇಲೆ ಅದೇ ಟವೆಲ್ ಹೊತ್ತು ಕೊಳ್ಳುವವನ ಕಡೆ ಹೋಗುತ್ತಾನೆ. ಸುತ್ತ ಇಪ್ಪತ್ತು ಮಂದಿ ನಿಂತಿದ್ದರೂ ಯಾರಿಗೂ ಬೆಲೆ ತಿಳಿಯುವುದಿಲ್ಲ. ತಿಳಿದವನು ದಲಾಲ ಒಬ್ಬನೇ. ಎರಡೂ ಕಡೆಯವರ ಮನಸ್ಸಿನಲ್ಲಿರುವ ಬೆಲೆ ಅವನಿಗೆ ಗೊತ್ತು. ಅದನ್ನು ಗೊತ್ತಿಟ್ಟುಕೊಂಡೂ ಇಬ್ಬರಿಗೂ ಮೋಸವಾಗದ ಹಾಗೆ ವ್ಯವಹಾರ ಮುಗಿಸಿದರೆ ಮಾತ್ರ ಮುಂದಿನ ವರ್ಷದ ಜಾತ್ರೆಯಲ್ಲಿ ಅವನ ಟವೆಲಿನ ಕೆಳಗೆ ಜನ ಕೈ ಇಡುತ್ತಾರೆ.

ನಾನು ಹೊರಟಿದ್ದು ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಗೆ. ಪರಿಚಯದ ಒಂದು ಮನೆಯ ಹುಡುಗ ಬಿ.ಕಾಂ. ಮುಗಿಸಿ ಷೇರು ದಲ್ಲಾಳಿಯಾಗುತ್ತೇನೆ ಎಂದು ಹಟ ಹಿಡಿದಿದ್ದ. ಮನೆಯಲ್ಲಿ ಅದು ದೊಡ್ಡ ಚರ್ಚೆಯಾಗಿತ್ತು. ಪೊಲೀಸ್ ಕೆಲಸ, ಕೆಪಿಎಸ್‌ಸಿ, ಬ್ಯಾಂಕ್ ಪರೀಕ್ಷೆ ಎನ್ನುವ ಹಾದಿಗಳೇ ಗೊತ್ತಿರುವ ಮನೆಯಲ್ಲಿ ಈ ಮಾತು ಹೊಸದು. ಬಂದು ಒಂದು ಮಾತು ಹೇಳಿ ಹೋಗಿರಿ ಎಂದು ಅವನ ತಂದೆ ಫೋನು ಮಾಡಿದ್ದರು. ಹೇಳುವುದಕ್ಕಿಂತ ಕೇಳುವ ಆಸೆಯೇ ನನಗೆ ಹೆಚ್ಚಿತ್ತು. ಮುಂಬೈಯ ದಲಾಲ್ ಸ್ಟ್ರೀಟಿನ ಕಸುಬೊಂದು ಎರಿ ಹೊಲದ ಈ ಊರಿಗೆ ಬಂದು ಯಾವ ರೂಪ ತಾಳೀತು ಎಂದು ನೋಡಬೇಕಿತ್ತು.

ವಿಜಯಪುರದಿಂದ ಸಿಂದಗಿಯ ದಾರಿಯ ಇಕ್ಕೆಲದಲ್ಲೂ ಕರಿಮಣ್ಣು. ಬಿಳಿಜೋಳ ತೆನೆಗಟ್ಟಿ ನಿಂತಿತ್ತು, ಕೆಲವು ಹೊಲಗಳಲ್ಲಿ ತೊಗರಿ ಕೊಯ್ದು ಗೂಡು ಹಾಕಿದ್ದರು. ಮಡಿವಾಳ ಮಾಚಯ್ಯನ ಊರಾದ ದೇವರ ಹಿಪ್ಪರಗಿಯಲ್ಲಿ ಬಸ್ಸು ಅರ್ಧ ಖಾಲಿಯಾಗಿ ಮತ್ತೆ ತುಂಬಿತು. ನನ್ನ ಪಕ್ಕಕ್ಕೆ ಬಂದು ಕೂತವರು ತಮ್ಮ ಮೊಬೈಲಿನಲ್ಲಿ ಮೊದಲು ತೊಗರಿಯ ಧಾರಣೆ ನೋಡಿದರು, ಆಮೇಲೆ ನಿಫ್ಟಿ ನೋಡಿದರು. ಎರಡನ್ನೂ ಒಂದೇ ಮುಖಭಾವದಿಂದ ನೋಡಿ ಫೋನು ಜೇಬಿಗಿಟ್ಟುಕೊಂಡರು. ಸಿಂದಗಿಯಲ್ಲಿ ಇಳಿದು ಟಂಟಂ ಹತ್ತಿ ಕನ್ನೊಳ್ಳಿ ಸೇರಿದಾಗ ಹೊತ್ತು ಇಳಿದಿತ್ತು.

ಮನೆಯ ಪಡಸಾಲೆಯಲ್ಲಿ ಹುಡುಗನ ಅಜ್ಜ, ಮುತ್ಯಾ, ಕೂತಿದ್ದರು. ಎತ್ತರದ ಮುದುಕ, ತಲೆಗೆ ರುಮಾಲು. ದನದ ಪೇಟೆಯಿಂದ ಬಂದೆ ಎಂದಾಗ ಅವರ ಕಣ್ಣು ಅರಳಿತು. ಪ್ರಾಯದಲ್ಲಿ ಅವರೂ ದನದ ದಲಾಲರಾಗಿದ್ದವರೇ. ತಮ್ಮ ಟವೆಲ್ ಎಳೆದು ನನ್ನ ಕೈ ಹಿಡಿದು, "ಇದು ಒಂದು, ಇದು ಎರಡು, ಇದು ಅರ್ಧಾ ಮ್ಯಾಲ" ಎಂದು ಬೆರಳಿನ ಗೆಣ್ಣು ಗೆಣ್ಣು ಒತ್ತಿ ತೋರಿಸಿದರು. ಒರಟು ಬೆರಳು, ಆದರೆ ಒತ್ತು ಮಾತ್ರ ಅಳತೆಯದು. ಮೊಮ್ಮಗ ಪಕ್ಕದಲ್ಲಿ ನಿಂತು ನೋಡುತ್ತಿದ್ದ.

"ಮುಂಬೈದಾಗೂ ಹಿಂಗ ಕೈಲೇ ಮಾಡ್ತಿದ್ರಂತ ಮುತ್ಯಾ," ಅಂದ.

ಹುಡುಗ ಓದಿಕೊಂಡಿದ್ದ. 1995ರಲ್ಲಿ ಮುಂಬೈ ಷೇರು ವಿನಿಮಯ ಕೇಂದ್ರದ ಬೋಲ್ಟ್ ಗಣಕ ವ್ಯವಸ್ಥೆ ಬರುವ ತನಕ ದಲಾಲ್ ಸ್ಟ್ರೀಟಿನ ರಿಂಗಿನಲ್ಲಿ ದಲ್ಲಾಳಿಗಳು ಎದುರುಬದುರು ನಿಂತು ಕೂಗಿ, ಕೈಸನ್ನೆ ಮಾಡಿ ಷೇರು ಕೊಟ್ಟು ತಗೊಳ್ಳುತ್ತಿದ್ದರು. ಅದಕ್ಕೂ ಮೊದಲು, 1850ರ ದಶಕದಲ್ಲಿ, ಮುಂಬೈ ಟೌನ್ ಹಾಲಿನ ಮುಂದಿನ ಆಲದ ಮರದ ನೆರಳೇ ಅವರ ಪೇಟೆ. 1875ರಲ್ಲಿ ಅವರೆಲ್ಲ ಸೇರಿ ದೇಶೀ ಷೇರು ದಲ್ಲಾಳಿಗಳ ಸಂಘ ಕಟ್ಟಿಕೊಂಡರು. ಇಂದಿನ ಬಿಎಸ್‌ಇಯ ಹುಟ್ಟು ಅದೇ.

ಆ ಪೇಟೆ ಹಣ ಕಂಡದ್ದು ಹತ್ತಿಯಿಂದ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಿತು. ಮುಂಬೈ ಪ್ರಾಂತ್ಯದ ಹತ್ತಿಗೆ ಬಂಗಾರದ ಬೆಲೆ ಬಂತು. ಧಾರವಾಡ ಸೀಮೆಯ ಹತ್ತಿಯೂ ಅದರಲ್ಲಿತ್ತು. ಆ ರೊಕ್ಕ ಬ್ಯಾಕ್‌ಬೇ ಭೂಮಿಯ ಷೇರಿಗೆ ಹರಿಯಿತು. ಹತ್ತಿಯ ದಲ್ಲಾಳಿ ಪ್ರೇಮ್‌ಚಂದ್ ರಾಯ್‌ಚಂದ್ ಆ ಕಾಲದ ದೊಡ್ಡ ಹೆಸರು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಹತ್ತಿಯ ಬೆಲೆ ಬಿತ್ತು, ಷೇರು ಬಿದ್ದವು, ಬ್ಯಾಂಕುಗಳು ಮುಳುಗಿದವು. ಈ ಕಥೆ ಮುಂಬೈಯ ಎಲ್ಲ ಪುಸ್ತಕಗಳಲ್ಲೂ ಇದೆ. ಆದರೆ ಕನ್ನೊಳ್ಳಿಯ ಪಡಸಾಲೆಯಲ್ಲಿ ಕೂತು ನೆನೆದಾಗ ಅದಕ್ಕೆ ಇನ್ನೊಂದು ಮಗ್ಗುಲು ಕಾಣುತ್ತದೆ. ಈ ಜಿಲ್ಲೆ ಆಗ ಮುಂಬೈ ಪ್ರಾಂತ್ಯದ ಕಲಾದಗಿ ಜಿಲ್ಲೆ. ದಲ್ಲಾಳಿಗಳು ಸಂಘ ಕಟ್ಟಿಕೊಂಡ ಮರುವರ್ಷ, 1876ರಲ್ಲಿ, ಇಲ್ಲಿ ಮಳೆ ಕೈಕೊಟ್ಟಿತು. 1878ರವರೆಗೆ ನಡೆದ ಆ ಬರದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು. ಬೆಲೆ ಏರಿದಾಗ ಲಾಭ ನಿಂತದ್ದು ಪಟ್ಟಣದಲ್ಲಿ, ಕಷ್ಟ ಬಂದಾಗ ಸತ್ತದ್ದು ಹಳ್ಳಿ. ಪೇಟೆಗೂ ಹೊಲಕ್ಕೂ ನಡುವಿನ ಈ ದೂರವನ್ನು ತುಂಬುವವನು ಯಾರು ಎಂಬುದೇ ನನ್ನನ್ನು ಇಲ್ಲಿಗೆ ಕರೆತಂದ ಪ್ರಶ್ನೆ.

ರಾತ್ರಿ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಉಂಡ ಮೇಲೆ ಹುಡುಗ ತನ್ನ ಪುಸ್ತಕಗಳನ್ನು ತಂದು ಗುಡ್ಡೆ ಹಾಕಿದ. ಷೇರು ಪೇಟೆಯ ಕೆಲಸಕ್ಕೆ ಬೇಕಾದ ಎನ್‌ಐಎಸ್‌ಎಂ ಪರೀಕ್ಷೆಯ ಓದು. ಷೇರು ವ್ಯುತ್ಪನ್ನಗಳ ಪರೀಕ್ಷೆಗೆ ಎರಡು ತಾಸು, ನೂರು ಅಂಕ, ಪಾಸಾಗಲು 60. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಡಿತ. ಪ್ರಮಾಣಪತ್ರಕ್ಕೆ ಮೂರು ವರ್ಷದ ಆಯಸ್ಸು, ಆಮೇಲೆ ನವೀಕರಿಸಬೇಕು. ಸ್ವಂತವಾಗಿ ಷೇರು ದಲ್ಲಾಳಿ ಸಂಸ್ಥೆ ತೆರೆಯುವುದು ಕೋಟಿ ಲೆಕ್ಕದ ಮಾತು. ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನೋಂದಣಿ, ವಿನಿಮಯ ಕೇಂದ್ರದ ಸದಸ್ಯತ್ವ, ಠೇವಣಿ, ನಿವ್ವಳ ಸಂಪತ್ತು ಎಲ್ಲ ಬೇಕು. ಆದರೆ ಒಬ್ಬ ದಲ್ಲಾಳಿಯ ಕೈಕೆಳಗೆ ಅಧಿಕೃತ ವ್ಯಕ್ತಿಯಾಗಿ ಕೆಲಸ ಮಾಡಲು ಹತ್ತನೇ ತರಗತಿ ಪಾಸಾಗಿ, 18 ವರ್ಷ ತುಂಬಿ, ಮೋಸದ ಅಪರಾಧದಲ್ಲಿ ಶಿಕ್ಷೆಯಾಗಿರದಿದ್ದರೆ ಸಾಕು. ಹಿಂದೆ ಉಪದಲ್ಲಾಳಿ ಎಂಬ ದರ್ಜೆಯಿತ್ತು. 2018ರಲ್ಲಿ ಸೆಬಿ ಅದನ್ನು ತೆಗೆದು ಹಾಕಲು ಹೇಳಿತು. ಈಗ ಸಣ್ಣ ಊರಿನವರಿಗೆ ಉಳಿದಿರುವ ಬಾಗಿಲು ಈ ಅಧಿಕೃತ ವ್ಯಕ್ತಿಯದು. ಸಿಂದಗಿಯಲ್ಲಿ ಒಂದು ಸಣ್ಣ ಖೋಲಿ ಬಾಡಿಗೆಗೆ ಹಿಡಿದು ಅದನ್ನೇ ಮಾಡುತ್ತೇನೆ ಎನ್ನುವುದು ಹುಡುಗನ ಯೋಚನೆ.

"ಈಗ ಯಾರಿಗೆ ಬೇಕಪಾ ದಲಾಲ? ಮೊಬೈಲದಾಗ ಒತ್ತಿದ್ರ ಆತು," ಎಂದರು ಅವನ ತಂದೆ. ಮಾತು ಸುಳ್ಳಲ್ಲ. ನಿತಿನ್ ಕಾಮತ್ 2010ರಲ್ಲಿ ಬೆಂಗಳೂರಿನಲ್ಲಿ ಝೆರೋಧಾ ಶುರು ಮಾಡಿದ ಮೇಲೆ ಈ ಕಸುಬಿನ ನಕ್ಷೆಯೇ ಬದಲಾಯಿತು. ವ್ಯವಹಾರದ ಮೊತ್ತಕ್ಕೆ ಶೇಕಡಾ ಇಷ್ಟು ಎಂದು ಕೊಡುತ್ತಿದ್ದ ದಲಾಲಿಯ ಜಾಗಕ್ಕೆ ಒಂದು ಆರ್ಡರಿಗೆ 20 ರೂಪಾಯಿ ಎನ್ನುವ ಲೆಕ್ಕ ಬಂತು. ನಿಯಮದ ಪ್ರಕಾರ ದಲಾಲಿ ಶೇ 2.5ರ ತನಕ ಇರಬಹುದು, ಆದರೆ ಈಗ ಅಷ್ಟು ಕೊಡುವವರು ಯಾರು? 1963ರಲ್ಲಿ ಹುಟ್ಟಿದ ಬೆಂಗಳೂರು ಷೇರು ವಿನಿಮಯ ಕೇಂದ್ರವೇ 2014ರ ಕೊನೆಗೆ ಬಾಗಿಲು ಹಾಕಿತು. ನಮ್ಮದೇ ರಾಜ್ಯದ ವಿನಿಮಯ ಕೇಂದ್ರ ಮುಚ್ಚಿದ ನಗರದಿಂದಲೇ ದೇಶದ ಅತಿ ದೊಡ್ಡ ದಲ್ಲಾಳಿ ಸಂಸ್ಥೆಗಳು ಎದ್ದು ಬಂದವು. ಅವು ಕನ್ನೊಳ್ಳಿಯ ಅಂಗೈಗೂ ಬಂದು ತಲುಪಿವೆ. ನಡುವಿನ ಮನುಷ್ಯ ಮಾತ್ರ ಬರಲಿಲ್ಲ.

ಆ ಮನುಷ್ಯ ಇಲ್ಲದ ಕಡೆ ಏನಾಯಿತು ಎಂದು ಸೆಬಿಯ 2024ರ ಸೆಪ್ಟೆಂಬರಿನ ವರದಿ ಹೇಳುತ್ತದೆ. ಓದಿದಾಗ ನನಗೆ ನಿದ್ದೆ ಬರಲಿಲ್ಲ. ಫ್ಯೂಚರ್ಸ್ ಮತ್ತು ಆಪ್ಶನ್ಸ್ ಎಂಬ ಷೇರು ವ್ಯುತ್ಪನ್ನಗಳ ವ್ಯವಹಾರಕ್ಕೆ ಇಳಿದ ಬಿಡಿ ಜನರಲ್ಲಿ ಶೇ 93 ಮಂದಿ 2021-22ರಿಂದ 2023-24ರ ಮೂರು ವರ್ಷದಲ್ಲಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. ಇವರಲ್ಲಿ ಶೇ 72ಕ್ಕೂ ಹೆಚ್ಚು ಜನ ದೇಶದ ಮೊದಲ 30 ನಗರಗಳ ಹೊರಗಿನವರು. ಮುಕ್ಕಾಲು ಭಾಗದವರು ತಮ್ಮ ವರ್ಷದ ಆದಾಯ 5 ಲಕ್ಷದೊಳಗೆ ಎಂದು ಬರೆದುಕೊಟ್ಟವರು. ಎಂದರೆ ಸಿಂದಗಿಯಂಥ, ಇಂಡಿಯಂಥ, ಮುದ್ದೇಬಿಹಾಳದಂಥ ಊರಿನವರು. ಊರಿನ ಕಟ್ಟೆಯ ಮೇಲೆ ಇದರ ಮಾತು ಎತ್ತಿದರೆ ಒಬ್ಬೊಬ್ಬರೂ ಇನ್ನೊಬ್ಬರ ಕಥೆ ಹೇಳುತ್ತಾರೆ: ಟ್ರ್ಯಾಕ್ಟರಿನ ಕಂತಿನ ಹಣ ಹೋಯಿತು, ತಂಗಿಯ ಮದುವೆಗೆ ಇಟ್ಟಿದ್ದು ಹೋಯಿತು. ಯಾವುದೋ ಟೆಲಿಗ್ರಾಂ ಗುಂಪಿನಲ್ಲಿ ಬಂದ ಟಿಪ್ ನಂಬಿ ಹೋದದ್ದು ಬಹಳ. 2024ರ ನವೆಂಬರಿನಿಂದ ಸೆಬಿ ಸೂಚ್ಯಂಕದ ಒಂದು ಕರಾರಿನ ಮೊತ್ತ ಕನಿಷ್ಠ 15 ಲಕ್ಷ ಇರಬೇಕು ಎಂದು ಬಿಗಿ ಮಾಡಿತು. ಒಳ್ಳೆಯದೇ. ಆದರೆ ಹಳ್ಳಿಯ ಹುಡುಗನ ಪಕ್ಕದಲ್ಲಿ ಕೂತು "ಬ್ಯಾಡೋ ತಮ್ಮಾ" ಎನ್ನುವ ಬಾಯಿ ನಿಯಮದಿಂದ ಬರುವುದಿಲ್ಲ.

ಮರುದಿನ ಬೆಳಿಗ್ಗೆ ಹುಡುಗನ ತಂದೆ ತೊಗರಿ ಚೀಲ ಹೇರಿಕೊಂಡು ಸಿಂದಗಿಯ ಎಪಿಎಂಸಿಗೆ ಹೊರಟರು. ನಾವಿಬ್ಬರೂ ಜತೆಗೆ ಹೋದೆವು. ದಲಾಲರ ಅಡತ್ ಅಂಗಡಿಯ ಮುಂದೆ ಹಮಾಲರು ಚೀಲ ಇಳಿಸಿ, ರಾಶಿ ಸುರಿದು, ಅದರ ಮೇಲೆ ಲಾಟ್ ಚೀಟಿ ಇಟ್ಟರು. ಖರೀದಿದಾರ ಬಂದು ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ, ಒಂದು ಕಾಳು ಹಲ್ಲಿನಿಂದ ಕಚ್ಚಿ ಒಣಗಿದ್ದೆಷ್ಟು ಎಂದು ನೋಡಿ, ಕಾಳು ಕೆಳಗೆ ಉದುರಿಸಿ ಮುಂದಿನ ರಾಶಿಗೆ ಹೋದ. ಮುಖದಲ್ಲಿ ಏನೂ ಕಾಣಿಸಲಿಲ್ಲ. ಬೆಲೆ ಆಮೇಲೆ ಗಣಕದಲ್ಲಿ ಬಂತು. ಕರ್ನಾಟಕ ಸರ್ಕಾರ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆ ತಂದಾಗಿನಿಂದ ಟೆಂಡರು ಆನ್‌ಲೈನ್. ಹುಡುಗ ಅಡತ್ ಅಂಗಡಿಯ ಗಾದಿಯ ಮೇಲೆ ಕೂತ ಹಿರಿಯರನ್ನು ಮಾತಿಗೆ ಎಳೆದ. ಅವರು ಕೈಯಲ್ಲಿದ್ದ ಪಟ್ಟಿ ಬರೆಯುತ್ತಲೇ ಹೇಳಿದರು: "ರೇಟ್ ಕಂಪ್ಯೂಟರ್ ಹೇಳ್ತದ. ಆದ್ರ ಬಿತ್ತೂ ಮುಂದ ಬೀಜಕ್ಕ ರೊಕ್ಕ ಬೇಕಾದಾಗ ರೈತ ನನ್ನ ಹತ್ರ ಬರ್ತಾನ. ಮಗಳ ಲಗ್ನಕ್ಕ ಬರ್ತಾನ. ನಾ ಹುಳಕ ಮಾತು ಹೇಳಿದ್ರ ಮುಂದಿನ ಸುಗ್ಗಿಗಿ ಎದುರಿನ ಅಂಗಡಿಗಿ ಇಳಸ್ತಾನ."

ಅಡತ್ ವ್ಯವಸ್ಥೆಯಲ್ಲಿ ಎಲ್ಲ ಸರಿಯಿದೆ ಎಂದು ನಾನು ಹೇಳುವುದಿಲ್ಲ. ಸಾಲ ಕೊಟ್ಟವನೇ ಮಾಲು ಮಾರಿಸುವಾಗ ರೈತನ ಕೈ ಕಟ್ಟಿರುತ್ತದೆ. ಆದರೆ ದಲ್ಲಾಳಿ ಊರಿನಲ್ಲೇ ಬದುಕಬೇಕು, ಅದೇ ದಾರಿಯಲ್ಲಿ ನಾಳೆಯೂ ನಡೆಯಬೇಕು ಎನ್ನುವ ಒತ್ತಡ ಅವನನ್ನು ಒಂದಿಷ್ಟಾದರೂ ನೆಟ್ಟಗಿಡುತ್ತದೆ. ಷೇರಿನ ವ್ಯವಹಾರದಲ್ಲಿ ಆ ಒತ್ತಡ ಸಡಿಲಾದಾಗ ಏನಾಗುತ್ತದೆ ಎಂದು 2019ರಲ್ಲಿ ದೇಶ ನೋಡಿತು. ಹೈದರಾಬಾದಿನ ಕಾರ್ವಿ ಸಂಸ್ಥೆ 95,000ಕ್ಕೂ ಹೆಚ್ಚು ಗ್ರಾಹಕರ 2,300 ಕೋಟಿ ರೂಪಾಯಿಗೂ ಮೀರಿದ ಷೇರುಗಳನ್ನು ಒತ್ತೆಯಿಟ್ಟು ಸಾಲ ತೆಗೆದದ್ದು ಬಯಲಾಗಿ, ನವೆಂಬರಿನಲ್ಲಿ ಸೆಬಿ ಅದರ ಮೇಲೆ ನಿರ್ಬಂಧ ಹೇರಿತು. ಗ್ರಾಹಕರು ಕೊಟ್ಟಿದ್ದ ಮುಖ್ತಿಯಾರ ಪತ್ರವೇ ಅಲ್ಲಿ ಆಯುಧವಾಗಿತ್ತು. 2020ರ ಸೆಪ್ಟೆಂಬರ್ 1ರಿಂದ ಒತ್ತೆಯ ನಿಯಮ ಬದಲಾಯಿತು: ಷೇರು ಗ್ರಾಹಕನ ಡಿಮ್ಯಾಟ್ ಖಾತೆಯಲ್ಲೇ ಇರುತ್ತದೆ, ಅವನು ಒಪ್ಪಿಗೆ ಕೊಟ್ಟರೆ ಮಾತ್ರ ಒತ್ತೆ ಬೀಳುತ್ತದೆ. 2023ರ ಜನವರಿಯಿಂದ ಎಲ್ಲ ಷೇರುಗಳ ಲೆಕ್ಕ ಮರುದಿನವೇ ಚುಕ್ತಾ. ದಲ್ಲಾಳಿಯ ಕೈಯಲ್ಲಿ ಪರರ ಹಣ ನಿಲ್ಲುವ ಹೊತ್ತು ಕಡಿಮೆಯಾದಷ್ಟೂ ಅದನ್ನು ಮುಟ್ಟುವ ಆಸೆಯೂ ಕಡಿಮೆ.

ಪರರ ಹಣ ಕಾಯುವುದು ಎಂದಾಗ ಈ ಸೀಮೆಯವರಿಗೆ ದೂರದ ಉದಾಹರಣೆ ಬೇಕಿಲ್ಲ. ಇಲ್ಲಿಂದ ಅತ್ತ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆ ಎಂದು ಚಾಡಿ ಹೇಳಿದವರ ಮಾತು ಕೇಳಿ ಅರಸ ಲೆಕ್ಕ ಕೇಳಿದಾಗ, ಎಣಿಸಿದರೆ ಹೊನ್ನು ಒಂದೂ ಕಡಿಮೆಯಿರಲಿಲ್ಲ ಎಂದು ಪುರಾಣ ಕಾವ್ಯಗಳು ಹೇಳುತ್ತವೆ. ಅದನ್ನು ಪವಾಡವೆಂದು ಕೈಮುಗಿಯುವವರು ಇದ್ದಾರೆ. ನನ್ನ ಮನಸ್ಸು ನಿಲ್ಲುವುದು ಅವರ ಕೆಲಸದ ಮೇಲೆ. ಊರೂರಿನಲ್ಲಿ ಅವರ ಪ್ರತಿಮೆ ಕುದುರೆಯ ಮೇಲಿದೆ, ಲೆಕ್ಕದ ಪುಸ್ತಕದ ಮುಂದೆ ಕೂತ ಬಸವಣ್ಣನವರ ಪ್ರತಿಮೆಯನ್ನು ನಾನು ಎಲ್ಲೂ ನೋಡಿಲ್ಲ. ಕಾಯಕ ಎಂಬುದನ್ನು ನೇಯ್ಗೆಗೆ, ಚಮ್ಮಾರಿಕೆಗೆ, ಬೇಸಾಯಕ್ಕೆ ಹೇಳುವ ನಾವು ಪರರ ಗಂಟು ಕಾಯುವ ಕೆಲಸಕ್ಕೂ ಹೇಳಬೇಕು. ಷೇರು ದಲ್ಲಾಳಿಕೆಗೆ ಹೋಗುವ ನಮ್ಮ ಹುಡುಗರಿಗೆ ಯಾವ ತರಬೇತಿ ಕೇಂದ್ರವೂ ಈ ಮಾತು ಹೇಳುವುದಿಲ್ಲ. ಚಾರ್ಟ್ ಓದುವುದನ್ನೇ ಕಸುಬು ಎಂದು ಕಲಿಸುತ್ತಾರೆ.

ತೊಗರಿಗೆ ಬಂದ ಬೆಲೆ ತಂದೆಗೆ ಸಮಾಧಾನ ತರಲಿಲ್ಲ. ಆದರೂ ಒಪ್ಪಿದರು, ಚೀಲ ಮತ್ತೆ ಹೇರಿಕೊಂಡು ಹೋಗುವುದು ಯಾರಿಗೆ ಬೇಕು? ಚಹಾದ ಅಂಗಡಿಯಲ್ಲಿ ಕೂತು ಹಳೆಯ ವರ್ಷಗಳ ಲೆಕ್ಕ ತೆಗೆದರು. 2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ ಎಲ್ಲರೂ ತೊಗರಿ ಬಿತ್ತಿದರು. ಮರುವರ್ಷ ಬಂಪರ್ ಬೆಳೆ, ಬೆಲೆ ಬೆಂಬಲ ಬೆಲೆಗಿಂತ ಕೆಳಗೆ. ಆಗ ಬೋನಸ್ ಸೇರಿಸಿ ಕ್ವಿಂಟಲಿಗೆ 5,050 ರೂಪಾಯಿಯ ಆ ಬೆಂಬಲ ಬೆಲೆಗೆ ಮಾರಲು ಖರೀದಿ ಕೇಂದ್ರಗಳ ಮುಂದೆ ಸಾಲು. ನಾನು ಹುಡುಗನನ್ನು ಕೇಳಿದೆ: ಬಿತ್ತುವಾಗಲೇ ಬೆಲೆ ಕಟ್ಟಿಟ್ಟುಕೊಳ್ಳುವ ದಾರಿ ಷೇರು ಪೇಟೆಯವರ ಹತ್ತಿರ ಇದೆಯಲ್ಲ, ತೊಗರಿಗೆ ಇಲ್ಲವೆ?

ಅವನು ತಲೆ ಅಲ್ಲಾಡಿಸಿದ. "ಇಲ್ಲರಿ. ಹತ್ತಿಗಿ ಐತಿ. ತೊಗರಿದು 2007ರಾಗ ಬಂದ್ ಮಾಡ್ಯಾರ."

ನಿಜ. ಬೆಲೆ ಏರಿಕೆಯ ಭಯದಿಂದ ಸರ್ಕಾರ 2007ರ ಜನವರಿಯಲ್ಲಿ ತೊಗರಿ ಮತ್ತು ಉದ್ದಿನ ಮುಂಗಡ ವ್ಯವಹಾರ ನಿಲ್ಲಿಸಿತು. ಪೇಟೆಯವರ ಸಟ್ಟಾ ಕಾಟ ತಡೆಯುವುದು ಉದ್ದೇಶ, ಆ ಭಯ ಪೂರ್ತಿ ಸುಳ್ಳೂ ಅಲ್ಲ. ಮುಂಗಡ ಸರಕು ಪೇಟೆಯ ಆಯೋಗ 2015ರಲ್ಲಿ ಸೆಬಿಯೊಂದಿಗೆ ವಿಲೀನವಾದ ಮೇಲೆ ಷೇರಿನ ಮೇಲೂ ಧಾನ್ಯದ ಮೇಲೂ ಕಣ್ಣಿಡುವುದು ಒಂದೇ ಸಂಸ್ಥೆ. ಹೀಗಾಗಿ ಈಗಿನ ಪರಿಸ್ಥಿತಿ ಇದು: ಕನ್ನೊಳ್ಳಿಯ ಹುಡುಗ ತನ್ನ ಊರಿನವರಿಂದ, ಅವರು ಎಂದೂ ನೋಡದ 50 ಕಂಪನಿಗಳ ಸೂಚ್ಯಂಕದ ಮೇಲೆ ಈ ವಾರದ ಅಂದಾಜು ಕಟ್ಟಿಸಬಹುದು. ಅವರ ಕಾಲ ಬುಡದಲ್ಲಿ ಬೆಳೆದ, ಅವರ ವರ್ಷದ ಬದುಕೇ ನಿಂತ ತೊಗರಿಯ ಬೆಲೆ ಬೀಳದಂತೆ ಕಾಯಲು ಅವನಿಂದ ಆಗದು. ಇದನ್ನು ಅವನು ಹೇಳಿದ ರೀತಿಯಲ್ಲಿ ಸಿಟ್ಟಿತ್ತು. ಆ ಸಿಟ್ಟು ನನಗೆ ಹಿಡಿಸಿತು. ಈ ಕಸುಬಿಗೆ ಅವನು ಬೇಕಾದವನು ಎಂದು ನಾನು ಒಪ್ಪಿಕೊಂಡದ್ದು ಆಗಲೇ.

ಮಧ್ಯಾಹ್ನ ಮನೆಗೆ ಬಂದಾಗ ಮುತ್ಯಾ ಕೂತಲ್ಲೇ ಕೂತಿದ್ದರು. ಮೊಮ್ಮಗ ತಾನು ಮಾಡುವ ಕೆಲಸವನ್ನು ಅವರಿಗೆ ವಿವರಿಸಿದ. ಗಿರಾಕಿಯ ರೊಕ್ಕವನ್ನು ಅಧಿಕೃತ ವ್ಯಕ್ತಿ ತನ್ನ ಹೆಸರಿಗೆ ಮುಟ್ಟುವ ಹಾಗಿಲ್ಲ. ಅದು ಗಿರಾಕಿಯ ಬ್ಯಾಂಕಿನಿಂದ ನೇರ ದಲ್ಲಾಳಿ ಸಂಸ್ಥೆಯ ಖಾತೆಗೆ ಹೋಗುತ್ತದೆ. ಷೇರು ಗಿರಾಕಿಯ ಹೆಸರಿನ ಡಿಮ್ಯಾಟ್ ಖಾತೆಗೆ ಬರುತ್ತದೆ. ಸಂಬಳವೋ ದಲಾಲಿಯ ಪಾಲೋ ಸಂಸ್ಥೆಯೇ ಕೊಡಬೇಕು. ಕೊಟ್ಟು ತಗೊಂಡದ್ದಕ್ಕೆ ಒಂದು ದಿನದೊಳಗೆ ಕರಾರು ಚೀಟಿ ಹೋಗಬೇಕು. ತಕರಾರು ಇದ್ದರೆ ಸೆಬಿಯ ದೂರು ವ್ಯವಸ್ಥೆಯಾದ ಸ್ಕೋರ್ಸ್‌ನಲ್ಲಿ ದೂರು ಕೊಡಬಹುದು. ಎಲ್ಲ ಕೇಳಿ ಮುದುಕ ಒಂದೇ ಮಾತು ಕೇಳಿದರು.

"ರೊಕ್ಕಾ ನಿನ್ನ ಕೈಯಾಗ ಬರೂದಿಲ್ಲ, ಮಾಲೂ ನಿನ್ನ ಕೈಯಾಗ ಬರೂದಿಲ್ಲ. ಹಂಗಾದ್ರ ನೀ ಅಲ್ಲಿ ಏನ್ ಮಾಡಾಂವ?"

ಹುಡುಗ ತುಸು ಹೊತ್ತು ಯೋಚಿಸಿದ. ಖಾತೆ ತೆಗೆಯುವಾಗ ಸಹಿ ಹಾಕಿಸುವ ಹಾಳೆಯಲ್ಲಿ ಏನಿದೆ ಎಂದು ಕನ್ನಡದಲ್ಲಿ ಓದಿ ಹೇಳುತ್ತೇನೆ ಎಂದ. ನಾಮಿನಿ ಹೆಸರು ಬರೆಸುತ್ತೇನೆ ಎಂದ. ಯಾರಾದರೂ ಎತ್ತು ಮಾರಿದ ರೊಕ್ಕ ತಂದು ಆಪ್ಶನ್ ಆಡಿಸು ಎಂದರೆ ಆಡಿಸುವುದಿಲ್ಲ, ಹತ್ತು ವರ್ಷ ಮುಟ್ಟದೆ ಇಡುವಷ್ಟು ಇದ್ದರೆ ಮಾತ್ರ ಬಾ ಎಂದು ಕಳಿಸುತ್ತೇನೆ ಎಂದ.

"ಹಂಗ ಕಳಿಸಿದ್ರ ನಿನಗ ದಲಾಲಿ ಹುಟ್ಟೂದ್ಹ್ಯಾಂಗ?"

"ಕಮ್ಮಿ ಹುಟ್ಟತೈತಿ ಮುತ್ಯಾ."

"ಕಮ್ಮಿ ಅಂದ್ರ ಎಷ್ಟು?"

ಹುಡುಗ ಹಾಳೆ ಪೆನ್ನು ತಂದ. ಖೋಲಿಯ ಬಾಡಿಗೆ, ಕರೆಂಟು, ಇಂಟರ್ನೆಟ್ಟು, ಬಸ್ಸಿನ ಖರ್ಚು ಒಂದು ಕಡೆ ಬರೆದ. ಊರಿನಲ್ಲಿ ತಿಂಗಳು ತಿಂಗಳು ಸಣ್ಣ ಮೊತ್ತ ಹಾಕಬಲ್ಲ ಮನೆಗಳು ಯಾವುವು ಎಂದು ಮುತ್ಯಾ ಓಣಿ ಓಣಿ ಹೆಸರು ಹೇಳತೊಡಗಿದರು. ಶಾಲೆಯ ಮಾಸ್ತರು, ಸಂಘದ ಕಾರ್ಯದರ್ಶಿ, ಕಬ್ಬು ಹಾಕಿದ ಎರಡು ಮನೆ. ಸಾಲದಲ್ಲಿರುವವರ ಹೆಸರು ಬಂದಾಗ ತಾವೇ ತಡೆದು, "ಅಂವನ್ನ ಬಿಡು, ಅಂವ ಮೊದಲ ಬಡ್ಡಿ ಕಟ್ಟಲಿ" ಅಂದರು. ಅವನ ತಂದೆಯೂ ಹತ್ತಿರ ಸರಿದು ಕೂತು ಹಾಳೆ ನೋಡತೊಡಗಿದರು. ಮೂವರೂ ಬಾಡಿಗೆಯ ಅಂಕಿಯ ಮೇಲೆ ವಾದಕ್ಕಿಳಿದಾಗ ನನ್ನ ಟಂಟಂ ಬಂದಿತ್ತು.